ಮೆಟ್ಟುಗತ್ತಿ ಎತ್ಕೊಂಡು ಓಡಕ್ಕಾಗಲ್ಲ ಮಾರಾಯ್ರೆ

ನಮಸ್ಕಾರ,

ನಿಮ್ಮ ಕಥೆ ಕೈಗೆ ಬಂದು ಎರಡು ತಿಂಗಳಾಯ್ತು. ಉತ್ತರ ತಡ ಆಯ್ತು, ಬೇಜಾರು ಮಾಡ್ಕೋಬೇಡಿ, ಇಲ್ಲಿ ಅಡಿಕೆ ಕೊನೆಕೊಯ್ಲು ನಡೀತಿತ್ತು, ಹಗಲು ತೋಟ ರಾತ್ರಿ ಸುಲಿಯೋ ಚಪ್ಪರ, ಅದರ ಮಧ್ಯೆ ಪತ್ರಿಕೆ ಕೆಲಸ ಅಂದ್ರೆ ರಾತ್ರಿ ಹನ್ನೊಂದರ ಮೇಲೆ ತೂಕಡಿಸ್ಕೊಂಡು ಮಾಡೋದು. ಮೊದಲೇ ಹೇಳಿಬಿಡ್ತೀನಿ, ಈಗಿರೋ ಹಾಗೆ ಇದನ್ನ ಹಾಕಲ್ಲ. ಹಾಗಂತ ಬಿಸಾಕೂ ಇಲ್ಲ, ಎರಡು ಸಲ ಓದಿದೀನಿ, ಎರಡನೇ ಸಲ ಪೆನ್ಸಿಲ್ ಹಿಡ್ಕೊಂಡು.

ನನಗೆ ಅರ್ಥ ಆಗಿದ್ದು ಇಷ್ಟು, ತಪ್ಪಿದ್ರೆ ಹೇಳಿ. ತೀರ್ಥಹಳ್ಳಿ ಕಡೆ ಒಂದು ಅಡಿಕೆ ಮನೆ, ಆ ಮನೆ ಸೊಸೆ ಸುಮ. ಹಗಲು ತಲೆ ಎತ್ತಲ್ಲ, ರಾತ್ರಿ ಆದ್ರೆ ಅವಳೊಳಗಿಂದ ಇನ್ನೊಬ್ಬಳು ಎದ್ದು ಬರ್ತಾಳೆ, ದನಿ ಬೇರೆ ನಗು ಬೇರೆ ನಡಿಗೆ ಬೇರೆ. ಒಂದಿನ ಆ ಇನ್ನೊಬ್ಬಳು ಮೆಟ್ಟುಗತ್ತಿ ಎತ್ಕೊಂಡು ಮೈದುನನ್ನ ತೋಟದ ತುಂಬ ಅಟ್ಟಿಸ್ಕೊಂಡು ಹೋಗಿ ಕೊಲ್ತಾಳೆ. ಬೆಂಗಳೂರಿಂದ ಡಾಕ್ಟ್ರು ಬರ್ತಾರೆ, ಕಣ್ಣ ಮುಂದೆ ಲೋಲಕ ಆಡಿಸ್ತಾರೆ, ಕಾಲೇಜಲ್ಲಿ ಪ್ರೀತಿಸಿದ ಹುಡುಗ ಕೈ ಕೊಟ್ಟಿದ್ದು ಹೊರಗೆ ಬರತ್ತೆ, "ಇದು ಸ್ಪ್ಲಿಟ್ ಪರ್ಸನಾಲಿಟಿ, ಅಂದ್ರೆ ಸ್ಕಿಜೋಫ್ರೇನಿಯಾ, ಕೋಟಿಗೊಬ್ಬರಿಗೆ ಬರೋದು" ಅಂತಾರೆ ಡಾಕ್ಟ್ರು, ಸುಮ ಅಳ್ತಾಳೆ, ಗುಣ ಆಗತ್ತೆ, ಮಳೆ ನಿಲ್ಲತ್ತೆ. ಮಳೆ ಅನ್ನೋ ಪದ 31 ಸಲ ಬಂದಿದೆ, ಎಣಿಸಿದೆ. ಅಡಿಕೆ ಸುಲಿಯೋ ಕಾಲದಲ್ಲಿ ನೀವು ಬರೆದ ಹಾಗೆ ಮಳೆ ಹೊಯ್ದಿದ್ರೆ ಸುಮ ಹಾಗಿರ್ಲಿ, ಅವಳ ಮಾವ ಅಂಗಳದಲ್ಲಿ ತಲೆ ಮೇಲೆ ಕೈ ಹೊತ್ಕೊಂಡು ಕೂತಿರೋರು, ಒಣಹಾಕಿದ್ದೆಲ್ಲ ಬೂಸ್ಟು.

ಇನ್ನು ಆ ಕತ್ತಿ. ಮೆಟ್ಟುಗತ್ತಿ ಅಂದ್ರೆ ಮಣೆಗೆ ಕೂರಿಸಿರೋ ಕತ್ತಿ, ಮಣೆ ಮೆಟ್ಟಿ ಕೂತು ಸುಲಿಯೋದು. ಅದನ್ನ ಎತ್ಕೊಂಡು ಯಾರನ್ನೂ ಅಟ್ಟಿಸ್ಕೊಂಡು ಹೋಗಕ್ಕಾಗಲ್ಲ, ಹೋದ್ರೆ ಮಣೆ ಸಮೇತ ಹೋಗ್ಬೇಕು, ಮೈದುನ ಸಾಯೋದು ನಗಾಡಿ. ಇದನ್ನ ಯಾಕೆ ಇಷ್ಟುದ್ದ ಹೇಳ್ತಿದೀನಿ ಅಂದ್ರೆ ಕತ್ತಿ ವಿಷಯದಲ್ಲಿ ಆಗಿದ್ದೇ ಕಾಯಿಲೆ ವಿಷಯದಲ್ಲೂ ಆಗಿದೆ. ಹೆಸರು ಕೇಳಿದೀರ, ಎದುರು ಕೂತು ನೋಡಿಲ್ಲ.

ಸ್ಕಿಜೋಫ್ರೇನಿಯಾ ಬೇರೆ, ನೀವು ಹೇಳಕ್ಕೆ ಹೊರಟಿರೋದು ಬೇರೆ. 1908ರಲ್ಲಿ ಬ್ಲೂಲರ್ ಅನ್ನೋ ಸ್ವಿಸ್ ಡಾಕ್ಟ್ರು ಆ ಹೆಸರಿಟ್ಟಾಗ ಗ್ರೀಕಲ್ಲಿ ಅದರ ಅರ್ಥ ಸೀಳಿದ ಮನಸ್ಸು ಅಂತಿತ್ತು, ಅಲ್ಲಿಂದ ಶುರುವಾದ ಗೊಂದಲ ಇವತ್ತಿಗೂ ನಮ್ಮ ಸಿನಿಮಾ ಸೀರಿಯಲ್ ಬಿಟ್ಟು ಹೋಗಿಲ್ಲ. ಅದರಲ್ಲಿ ಇಲ್ಲದ ದನಿ ಕೇಳೋದು, ಇಲ್ಲದ್ದನ್ನ ನಂಬೋದು. ನಿಮ್ಮ ಸುಮಂದು ಡಿಸೋಸಿಯೇಟಿವ್ ಡಿಸಾರ್ಡರ್ ಅನ್ನೋ ಗುಂಪಿಗೆ ಸೇರತ್ತೆ, ಅಂದ್ರೆ ನೆನಪು, ಮೈಯಿನ ಅರಿವು, ನಾನು ಅನ್ನೋದು ಇವೆಲ್ಲ ಒಟ್ಟಿಗೆ ಇರ್ಬೇಕಾದ್ದು ಕಳಚ್ಕೊಂಡು ಬಿಡೋದು.

ಮತ್ತೆ ಅದು ಕೋಟಿಗೊಬ್ಬರಿಗೆ ಬರೋದಲ್ಲ. ಅಮೆರಿಕದ ಮನೋವೈದ್ಯರ ಸಂಘ 2013ರಲ್ಲಿ ತಂದ ಕೈಪಿಡಿ ಡಿಎಸ್ಎಂ-5ರಲ್ಲಿ ಅಲ್ಲಿನ ಒಂದು ಸಣ್ಣ ಸಮೀಕ್ಷೆ ಲೆಕ್ಕ ಕೊಟ್ಟಿದಾರೆ, ಒಬ್ಬರೊಳಗೆ ಹಲವರು ಅನ್ನೋ ಕಾಯಿಲೆ ವರ್ಷದಲ್ಲಿ ಶೇ. 1.5 ಜನಕ್ಕೆ, ದೊಡ್ಡ ಆಘಾತದ ಮೇಲೆ ನೆನಪೇ ಅಳಿಸಿಹೋಗೋದು ಶೇ. 1.8 ಜನಕ್ಕೆ. ಸಣ್ಣ ಸಮೀಕ್ಷೆ, ಅದನ್ನೇ ಹಿಡ್ಕೊಂಡು ಇಡೀ ಲೋಕಕ್ಕೆ ಗುಣಿಸ್ಬೇಡಿ, ಆದ್ರೂ ನೂರಕ್ಕೆ ಒಬ್ಬರು ಇಬ್ಬರು ಎಲ್ಲಿ ಕೋಟಿಗೊಬ್ಬರು ಎಲ್ಲಿ. ಇನ್ನೊಂದು ಬಗೆ ಇದೆ, ಡಿಪರ್ಸನಲೈಸೇಶನ್ ಅಂತಾರೆ, ನಾನು ನನ್ನ ಹೊರಗೆ ನಿಂತು ನನ್ನನ್ನೇ ನೋಡ್ತಿದೀನಿ ಅನ್ನಿಸೋದು, ಸುತ್ತ ಇರೋದೆಲ್ಲ ಗಾಜಿನ ಆಚೆ ಇದೆ ಅನ್ನಿಸೋದು. ಬಿಡದೆ ಕಾಡೋ ಕಾಯಿಲೆಯಾಗಿ ಇದು ಶೇ. 2ರಷ್ಟು ಜನಕ್ಕೆ, ಆದ್ರೆ ಜೀವನದಲ್ಲಿ ಒಂದು ಸಲ ಹೀಗೆ ಬಂದು ಹೋಗೋದು ಹೆಚ್ಚುಕಮ್ಮಿ ಅರ್ಧ ಜನಕ್ಕೆ ಆಗಿರತ್ತೆ. ಎರಡು ರಾತ್ರಿ ನಿದ್ದೆಗೆಟ್ರೆ, ಸಾವಿನ ಮನೇಲಿ, ವಿಪರೀತ ಗಾಬರಿ ಆದಾಗ, ಗಾಂಜಾ ಸೇದಿದವರಿಗೂ.

ಈಗ ನಿಮ್ಮ ಏಳನೇ ಪುಟ ತೆಗೀರಿ. ಸುಮ ಸುಲಿಯೋ ಚಪ್ಪರದಲ್ಲಿ ಆರು ಹೆಂಗಸರ ಮಧ್ಯೆ ಕೂತಿದಾಳೆ, ಬಲ್ಬಿನ ಬೆಳಕು, ಅಡಿಕೆ ಕಲೆ ಹಿಡಿದು ಕಪ್ಪಾದ ಬೆರಳು. "ಕೈ ತನ್ನ ಪಾಡಿಗೆ ಸುಲೀತಿತ್ತು. ಅದು ನನ್ನದು ಅಂತ ಗೊತ್ತಿತ್ತು, ಆದ್ರೆ ನನ್ನದು ಅನ್ನಿಸ್ತಿರಲಿಲ್ಲ." ಹೆಂಗಸರ ಮಾತು ಬಾವಿ ತಳದಿಂದ ಬಂದ ಹಾಗೆ ಕೇಳ್ತಿರತ್ತೆ, ಪಕ್ಕದವಳು "ಏ ಸುಮಿ, ಡಬ್ಬ ತುಂಬಿ ಚೆಲ್ತಿದೆಯಲ್ಲೇ" ಅಂದಾಗ ನೋಡ್ತಾಳೆ, ಹೌದು, ತುಂಬಿದೆ, ಯಾರು ಸುಲಿದಿದ್ದು ಅಂತ ಅವಳಿಗೆ ಗೊತ್ತಿಲ್ಲ. ಮಾರಾಯ್ರೆ, ಇದನ್ನ ಬರೆದ ಕೈಯೇ ಆ ಲೋಲಕದ ಸೀನನ್ನೂ ಬರೀತು ಅಂದ್ರೆ ನಂಬಕ್ಕಾಗಲ್ಲ. ಗೊತ್ತಿತ್ತು ಆದ್ರೆ ಅನ್ನಿಸ್ತಿರಲಿಲ್ಲ, ಡಾಕ್ಟ್ರುಗಳು ಇದನ್ನ ಬುದ್ಧಿಭ್ರಮೆಯಿಂದ ಬೇರೆ ಮಾಡಿ ನೋಡೋದೇ ಈ ಗೆರೆ ಮೇಲೆ, ಭ್ರಮೆ ಆಗಿದ್ರೆ ಅವಳು ಕೈ ಬೇರೆಯವರದ್ದೇ ಅಂತ ವಾದ ಮಾಡ್ತಿದ್ಳು. ನೀವು ಇದನ್ನ ಎಲ್ಲಿಂದ ತಂದ್ರಿ ಅಂತ ಕೇಳಲ್ಲ. ನಿಮ್ಮದೇ ಆಗಿದ್ರೆ, ಮತ್ತೆ ಮತ್ತೆ ಬರ್ತಿದ್ರೆ, ಟೆಲಿ ಮಾನಸ್ ಅಂತ ಸರ್ಕಾರದ್ದು ಇದೆ, 14416, ದುಡ್ಡಿಲ್ಲ, ಕನ್ನಡದಲ್ಲೇ ಮಾತಾಡ್ತಾರೆ. ಇಲ್ಲಾಂದ್ರೆ ಈ ಸಾಲು ಮರೆತುಬಿಡಿ.

ನಮ್ಮ ಕಡೆ ಈ ಕಾಯಿಲೆ ಹ್ಯಾಗೆ ಕಾಣಿಸ್ಕೊಳ್ಳತ್ತೆ ಅನ್ನೋದು ಇನ್ನೊಂದು. ನಿಮ್ಹಾನ್ಸ್‌ನವರು 1999ರಿಂದ 2008ರವರೆಗಿನ ಹತ್ತು ವರ್ಷದ ದಾಖಲೆ ನೋಡಿದಾರೆ, ಹೊರರೋಗಿಗಳಲ್ಲಿ ಈ ಗುಂಪಿನವರು ವರ್ಷ ವರ್ಷಕ್ಕೆ ಸಾವಿರಕ್ಕೆ 1.5ರಿಂದ 15ರವರೆಗೆ. ಅವರಲ್ಲಿ ಜಾಸ್ತಿ ಜನ ಯಾವ ಥರದವರು ಗೊತ್ತಾ, ಕೈಕಾಲು ಸ್ವಾಧೀನ ತಪ್ಪೋದು, ನಡಿಗೆ ಹೋಗೋದು, ಇಂಥವರು ಮೊದಲು, ಫಿಟ್ಸ್ ಥರ ಬೀಳೋರು ಆಮೇಲೆ. ಅಂದ್ರೆ ನಮ್ಮಲ್ಲಿ ಮನಸ್ಸು ಸಿನಿಮಾದ ಹಾಗೆ ಎರಡು ವೇಷ ಹಾಕೋದು ಕಮ್ಮಿ, ಮೈ ಮೂಲಕ ಮಾತಾಡೋದು ಜಾಸ್ತಿ.

ನಂಗೆ ಸಂಬಂಧದಲ್ಲಿ ಅತ್ತಿಗೆ ಆಗ್ಬೇಕು ಒಬ್ಬರು, ಸಾಗರದ ಕಡೆ ಕೊಟ್ಟಿದ್ದು, ಅವರಿಗೆ ಒಂದಿನ ಬೆಳಗ್ಗೆ ದನಿ ಹೋಯ್ತು. ಜ್ವರ ಇಲ್ಲ ನೆಗಡಿ ಇಲ್ಲ, ಬಾಯಿ ಆಡತ್ತೆ, ಶಬ್ದ ಇಲ್ಲ. ಕಷಾಯ ಆಯ್ತು, ಹಣಗೆರೆಕಟ್ಟೆಗೆ ಹರಕೆ ಆಯ್ತು, ತಾಯತ ಆಯ್ತು, ಕೊನೆಗೆ ಗಂಟಲು ಡಾಕ್ಟ್ರ ಹತ್ರ ಕರ್ಕೊಂಡು ಹೋದ್ರೆ ಅವರು ನೋಡಿ, ಎಲ್ಲಿ ಒಂದ್ಸಲ ಕೆಮ್ಮಿ ಅಂದ್ರಂತೆ. ಕೆಮ್ಮಿದ್ರು. ಕೆಮ್ಮಿಗೆ ಶಬ್ದ ಇತ್ತು! ಗಂಟಲಿಗೆ ಏನೂ ಆಗಿಲ್ಲ ಅಂತ ಡಾಕ್ಟ್ರು ಅಂದಿದ್ದೇ ತಡ, ಮನೇಲಿ ಅದು ನಾಟಕ ಅಂತಾಗೋಯ್ತು. ಆದ್ರೆ ಅಲ್ಲಿ ಪಕ್ಕದಲ್ಲಿ ಕೂತಿದ್ದ ನಮ್ಮಮ್ಮ ಹೇಳೋದು, ಆ ಕೆಮ್ಮಿನ ಶಬ್ದ ಕೇಳಿ ಎಲ್ಲರಿಗಿಂತ ಹೆಚ್ಚು ಬೆಚ್ಚಿದ್ದು ಅತ್ತಿಗೇನೇ ಅಂತ. ನಾಟಕ ಮಾಡೋರು ಬೆಚ್ಚಲ್ಲ. ಮೂರು ವಾರದ ಮೇಲೆ ತವರಿಗೆ ಹೋದಾಗ ಸಂಜೆ ಎಮ್ಮೆ ಕೊಟ್ಟಿಗೆಗೆ ಬಂದಿಲ್ಲ ಅಂತ ಬೇಲಿ ಹತ್ರ ನಿಂತು ಅದರ ಹೆಸರು ಹಿಡಿದು ಕೂಗಿದ್ರಂತೆ, ಅಷ್ಟೇ, ದನಿ ಬಂತು. ಗಂಡನ ಮನೇಲಿ ಏನಾಗಿತ್ತು ಅಂತ ಇವತ್ತಿಗೂ ಯಾರೂ ಕೇಳಿಲ್ಲ, ನಾನೂ ಕೇಳಿಲ್ಲ.

ಹಾಗೇ ಮೈಮೇಲೆ ಬರೋದು. ಎಂಟನೇ ಪುಟದಲ್ಲಿ ಡಾಕ್ಟ್ರ ಬಾಯಲ್ಲಿ "ಈ ಹಳ್ಳಿಯ ಪಾತ್ರಿಗಳೆಲ್ಲ ಮಾನಸಿಕ ರೋಗಿಗಳು" ಅನ್ನಿಸಿದೀರ. ಯಾವ ಮನೋವೈದ್ಯರೂ ಹಾಗನ್ನಲ್ಲ. ಅವರ ಪುಸ್ತಕದಲ್ಲೇ ಇದೆ, ಊರು ಒಪ್ಪಿದ ಆಚರಣೆಯೊಳಗೆ ಬರೋ ದರ್ಶನ ಕಾಯಿಲೆ ಅಲ್ಲ. ಪಾತ್ರಿ ಮೇಲೆ ಕರೆದಾಗ ಬರತ್ತೆ, ಹೊತ್ತಿಗೆ ಸರಿಯಾಗಿ ಇಳಿಯತ್ತೆ, ಮಾರನೇ ದಿನ ಅವರು ಬಾಳೆಕೊನೆ ಹೊತ್ಕೊಂಡು ಸಂತೆಗೆ ಹೋಗ್ತಾರೆ. ಕರೀದೆ ಬರೋದು, ಬೇಡ ಅಂದ್ರೂ ಬರೋದು, ಬದುಕು ಮೂರಾಬಟ್ಟೆ ಮಾಡೋದು, ಅದು ಕಾಯಿಲೆ. ಒಂದೇ ಊರಲ್ಲಿ ಇಬ್ಬರನ್ನೂ ತೋರಿಸಿದ್ರೆ ನಿಮ್ಮ ಕಥೆ ಎಲ್ಲಿಗೋ ಹೋಗತ್ತೆ.

ಇನ್ನು ಕಾರಣ. ಇಲ್ಲಿ ನಿಮ್ಮ ಮೇಲೆ ನಂಗೆ ನಿಜಕ್ಕೂ ಸಿಟ್ಟು ಬಂತು. ಹುಡುಗ ಕೈ ಕೊಟ್ಟ ಅಂತ ಒಬ್ಬಳು ಇಬ್ಬರಾಗಲ್ಲ ಮಾರಾಯ್ರೆ, ಹಂಗಾಗಿದ್ರೆ ಶಿವಮೊಗ್ಗದ ಕಾಲೇಜುಗಳಲ್ಲಿ ಅಟೆಂಡೆನ್ಸ್ ಎರಡರಷ್ಟು ಇರ್ಬೇಕಿತ್ತು. 1889ರಲ್ಲೇ ಫ್ರಾನ್ಸಿನ ಪಿಯರ್ ಜಾನೆ ಇದನ್ನ ಬರೆದ, ತಡ್ಕೊಳಕ್ಕಾಗದ ಅನುಭವ ಆದಾಗ ಮನಸ್ಸು ಅದನ್ನ ಒಳಗೆ ಸೇರಿಸ್ಕೊಳ್ಳಲ್ಲ, ಬೇರೆ ಕಡೆ ಇಟ್ಬಿಡತ್ತೆ ಅಂತ. ದೊಡ್ಡೋರಾದ್ರೆ ಎದ್ದು ಹೋಗ್ಬೋದು, ಜಗಳ ಆಡ್ಬೋದು. ನಾಲ್ಕೈದು ವರ್ಷದ ಮಗು ಎಲ್ಲಿಗೆ ಹೋಗತ್ತೆ? ಅದರಲ್ಲೂ ನೋವು ಕೊಡೋರೇ ಅನ್ನ ಹಾಕೋರೂ ಆಗಿದ್ರೆ. ಮೈ ಓಡಕ್ಕಾಗಲ್ಲ ಅಂತ ಮನಸ್ಸೇ ಎದ್ದು ಹೋಗತ್ತೆ, ಇದು ನಂಗಾಗ್ತಿಲ್ಲ ಇನ್ಯಾರಿಗೋ ಆಗ್ತಿದೆ ಅನ್ಕೊಳ್ಳತ್ತೆ. ಒಂದು ಸಲ ಅಲ್ಲ, ವರ್ಷಗಟ್ಟಲೆ. ನಾನು ಅನ್ನೋದು ಒಂದಾಗಿ ಗಟ್ಟಿಯಾಗ್ಬೇಕಾದ ವಯಸ್ಸಲ್ಲಿ ಅದು ಗಟ್ಟಿಯಾಗದೆ ತುಂಡು ತುಂಡಾಗೇ ಉಳ್ಕೊಳ್ಳತ್ತೆ. ಅಮೆರಿಕ, ಕೆನಡಾ, ಯೂರೋಪಲ್ಲಿ ಹಲವು ವ್ಯಕ್ತಿತ್ವದ ಕಾಯಿಲೆ ಇರೋರಲ್ಲಿ ಶೇ. 90ರಷ್ಟು ಜನ ಬಾಲ್ಯದ ದೌರ್ಜನ್ಯ, ಇಲ್ಲಾ ಯಾರೂ ನೋಡ್ಕೊಳ್ಳದೆ ಬಿಟ್ಟಿದ್ದನ್ನ ಹೇಳ್ತಾರೆ. ನಂತರದ ಪ್ರೇಮಭಂಗ, ಮದುವೆ, ಬಾಣಂತನ, ಸಾವು ಎಲ್ಲ ನೆಪ ಆಗ್ಬೋದು. ಗಾಳಿಗೆ ಮರ ಬಿತ್ತು ಅಂತೀವಲ್ಲ, ಬುಡ ಯಾವಾಗ ಟೊಳ್ಳಾಯ್ತು ಅಂತ ಬಗ್ಗಿ ನೋಡಲ್ಲ.

ಎಲ್ಲರೂ ಇದನ್ನ ಒಪ್ತಾರೆ ಅಂತಲ್ಲ. 1973ರಲ್ಲಿ ಅಮೆರಿಕದಲ್ಲಿ ಹದಿನಾರು ವ್ಯಕ್ತಿತ್ವದ ಹೆಂಗಸಿನ ಪುಸ್ತಕ ಬಂದು ಭಾರಿ ಮಾರಾಟ ಆಗಿ, 1980ರಲ್ಲಿ ಆ ಕಾಯಿಲೆಗೆ ಅಧಿಕೃತ ಹೆಸರು ಸಿಕ್ಕ ಮೇಲೆ ರೋಗಿಗಳ ಸಂಖ್ಯೆ ದಿಢೀರ್ ಏರ್ತು, ಹಂಗಾಗಿ ಕೆಲವರು ಹೇಳೋದು ಇದರಲ್ಲಿ ಒಂದಷ್ಟನ್ನ ಪುಸ್ತಕ, ಸಿನಿಮಾ, ಕೆದಕಿ ಕೆದಕಿ ಕೇಳೋ ಡಾಕ್ಟ್ರುಗಳೇ ತುಂಬಿದಾರೆ ಅಂತ, ಅದರಲ್ಲೂ ಹಿಪ್ನೋಸಿಸ್ ಮಾಡಿ ಕೇಳಿದ್ರೆ ಆಗದೇ ಇರೋದೂ ನೆನಪಾಗಿ ಬರ್ಬೋದು ಅಂತ. ಈಗ ನಿಮ್ಮ ಲೋಲಕದ ಡಾಕ್ಟ್ರನ್ನ ನೋಡಿ, "ಅವನು ನಿನಗೆ ಮೋಸ ಮಾಡಿದ ಅಲ್ವಾ, ಹೇಳು" ಅಂತಾರೆ. ಉತ್ತರ ಅವರ ಪ್ರಶ್ನೇಲೇ ಇದೆ. ಆ ಡಾಕ್ಟ್ರನ್ನ ತಪ್ಪು ಮಾಡೋ ಡಾಕ್ಟ್ರಾಗಿ ಇಟ್ಕೊಂಡ್ರೆ ಬೇಕಾದ್ರೆ ಇರ್ಲಿ, ದೇವರಾಗಿ ಬೇಡ.

ಆದ್ರೆ ನಂಗೆ ಸಿಟ್ಟು ಬಂದಿದ್ದು ಇದಕ್ಕಲ್ಲ. ನಿಜವಾದ ಕಾರಣ ನೀವೇ ಬರೆದು, ನೀವೇ ನೋಡದೆ ದಾಟಿ ಹೋಗಿದೀರ. ಮೂರನೇ ಪುಟ, ಕೆಳಗಿಂದ ನಾಲ್ಕನೇ ಸಾಲು. "ಚಿಕ್ಕವಳಿದ್ದಾಗ ಅಟ್ಟದ ಮೇಲೆ ಮಲಗಿ ಹಂಚಿನ ಸಂದಿಯ ಬೆಳಕಿನ ಚುಕ್ಕೆ ಎಣಿಸುತ್ತಿದ್ದಳು, ನೂರಾದ ಮೇಲೆ ಏನೂ ಕೇಳಿಸುತ್ತಿರಲಿಲ್ಲ." ಏನು ಕೇಳಿಸ್ತಿರಲಿಲ್ಲ? ಆ ಮಗು ನಡುಹಗಲಲ್ಲಿ ಅಟ್ಟದ ಮೇಲೆ ಯಾಕಿತ್ತು, ಒಬ್ಬಳೇ ಇದ್ಳಾ? ಹೇಳ್ಬೇಡಿ, ಬಿಡಿಸಿ ಬರೀಲೂ ಬೇಡಿ, ಆದ್ರೆ ನಿಮಗೆ ಗೊತ್ತಿರ್ಲಿ. ನೂರರವರೆಗೆ ಎಣಿಸಿ ಹೊರಟು ಹೋಗೋ ಮಗು, ಇಪ್ಪತ್ತು ವರ್ಷ ಆದ್ಮೇಲೆ ಡಬ್ಬ ತುಂಬಿದ್ದು ಗೊತ್ತಾಗದ ಹೆಂಗಸು, ಇಬ್ಬರೂ ಒಬ್ಬಳೇ. ಇದರ ಮಧ್ಯೆ ಆ ಕಾಲೇಜು ಹುಡುಗಂಗೆ ಜಾಗ ಇಲ್ಲ, ತೆಗೀರಿ.

ಕೊಲೆನೂ ತೆಗೀರಿ. ಈ ಕಾಯಿಲೆಯವರು ಊರವರಿಗೆ ಅಪಾಯ ಅನ್ನೋದು ಸಿನಿಮಾದವರು ಕಟ್ಟಿದ್ದು, ಅವರು ನೋಯಿಸ್ಕೊಳ್ಳೋದು ತಮ್ಮನ್ನೇ. ಒಂದೇ ಸಿಟಿಂಗಲ್ಲಿ ಗುಣ ಆಗೋದೂ ಇಲ್ಲ, ಹಲವು ವ್ಯಕ್ತಿತ್ವದ್ದಾದ್ರೆ ವರ್ಷಗಟ್ಟಲೆ ಮಾತು, ನಂಬಿಕೆ, ನಿಧಾನ, ಅದಕ್ಕೇ ಅಂತ ಮಾತ್ರೆ ಇಲ್ಲ, ಕೊಡೋದು ಜೊತೆಗಿರೋ ಖಿನ್ನತೆಗೆ, ಗಾಬರಿಗೆ. ಡಾಕ್ಟ್ರು ಬೇಕೇ ಬೇಕು ಅಂದ್ರೆ ಬೆಂಗಳೂರಿಂದ ಕಾರಲ್ಲಿ ಕರೆಸ್ಬೇಡಿ. ಮನೋಚೈತನ್ಯ ಅಂತ ಸರ್ಕಾರದ್ದು ಇದೆ, ಮಂಗಳವಾರ ತಾಲೂಕು ಆಸ್ಪತ್ರೆಗೆ ಮನೋವೈದ್ಯರು ಬರ್ತಾರೆ. ಒಂದು ಮಂಗಳವಾರ ಹೋಗಿ ಆ ಬೆಂಚಲ್ಲಿ ಸುಮ್ಮನೆ ಕೂತು ಬನ್ನಿ. ಯಾರು ಯಾರ ಜೊತೆ ಬರ್ತಾರೆ, ಒಳಗೆ ಹೋದಾಗ ಮಾತಾಡೋರು ಯಾರು, ರೋಗಿನಾ ಅತ್ತೆನಾ, ಅದನ್ನ ನೋಡಿ.

ಈಗಿನ ಹದಿನಾಲ್ಕು ಪುಟ ಐದಾರಕ್ಕೆ ಇಳಿದ್ರೂ ಪರವಾಗಿಲ್ಲ, ಯುಗಾದಿ ಸಂಚಿಕೆಗೆ ಜಾಗ ಇಟ್ಟಿರ್ತೀನಿ. ಮಳೆ ಎರಡು ಸಲ ಬರ್ಬೋದು. ಮತ್ತೆ ನಮ್ಮನೇಲಿ ಇನ್ನೂ ಹತ್ತು ಹನ್ನೆರಡು ದಿನ ಸುಲಿಯೋದಿದೆ, ರಾತ್ರಿ ಎಂಟಕ್ಕೆ ಶುರು ಮಾಡ್ತಾರೆ, ಬರೋದಾದ್ರೆ ಫೋನ್ ಮಾಡಿ. ಒಂದು ಮೆಟ್ಟುಗತ್ತಿ ಖಾಲಿ ಇದೆ, ಹಳೇ ಶರ್ಟ್ ಹಾಕ್ಕೊಂಡು ಬನ್ನಿ, ಕಲೆ ಹೋಗಲ್ಲ.