ಚಿತ್ರ ತೆಗೆಯುವವರ ಚಿತ್ರ: ಶಿರಸಿಯ ಓದುಗರೊಬ್ಬರಿಗೆ ಉತ್ತರ

ಆತ್ಮೀಯ ಸಹೋದರಿಯವರಿಗೆ ನಮಸ್ಕಾರ.

ಪತ್ರವನ್ನು ಪೂರ್ತಿಯಾಗಿ ಅಚ್ಚು ಮಾಡುವುದು ಬೇಡವೆಂದು ನೀವು ಕೇಳಿಕೊಂಡಿರುವುದರಿಂದ ಅದರ ಸಾರವನ್ನಷ್ಟೇ ಓದುಗರ ಮುಂದಿಡುತ್ತೇನೆ. ಶಿರಸಿ ಸಮೀಪದ ಅಡಿಕೆ ತೋಟದ ಮನೆಯಲ್ಲಿ ಬೆಳೆದ ನೀವು ಕಾಲೇಜಿನ ದಿನಗಳಿಂದಲೂ ಮನೆಯ ಕಾರ್ಯಗಳಲ್ಲಿ ಮತ್ತು ಗೆಳತಿಯರೊಂದಿಗಿನ ಪ್ರವಾಸಗಳಲ್ಲಿ ಕ್ಯಾಮೆರಾ ಹಿಡಿದವರು. ತಂದೆಯವರ ವರ್ಷಾಂತಿಕದ ಹೊತ್ತಿಗೆ ಅವರೊಂದಿಗೆ ನೀವೂ ಇರುವ ಚಿತ್ರವೊಂದನ್ನು ಹುಡುಕಿದಾಗ, ನಿಮ್ಮ ಮದುವೆಯ ದಿನದ ಔಪಚಾರಿಕ ಚಿತ್ರಗಳ ಹೊರತು ಒಂದೂ ಸಿಗಲಿಲ್ಲ. ಸಿಕ್ಕಿದ್ದೆಲ್ಲ ನೀವೇ ತೆಗೆದ ಅವರ ಚಿತ್ರಗಳು. ಈಗ ಅಣ್ಣನ ಮಗನ ಉಪನಯನ ಹತ್ತಿರ ಬಂದಿದೆ. ಈ ಸಲ ಕ್ಯಾಮೆರಾವನ್ನು ಕಪಾಟಿನಲ್ಲಿಟ್ಟು ಎಲ್ಲರಂತೆ ಇದ್ದುಬಿಡಲೇ ಎಂದು ಕೇಳಿದ್ದೀರಿ.

ದಯವಿಟ್ಟು ಕಪಾಟಿನಲ್ಲಿಡಬೇಡಿ. ಆದರೆ ಬೆಳಗಿನಿಂದ ಸಂಜೆಯವರೆಗೂ ಅದು ನಿಮ್ಮ ಕೈಯಲ್ಲೇ ಇರಬೇಕೆಂಬ ನಿಯಮವನ್ನು ಯಾರೂ ಮಾಡಿಲ್ಲ.

'ಆ ಚಿತ್ರಗಳಲ್ಲಿ ನಿನ್ನ ಅಪ್ಪಯ್ಯ ನೋಡುತ್ತಿರುವುದು ನಿನ್ನನ್ನೇ ಅಲ್ಲವೇ' ಎಂದು ಗೆಳತಿಯೊಬ್ಬರು ಸಮಾಧಾನ ಹೇಳಿದರೆಂದು ಬರೆದಿದ್ದೀರಿ. ಆ ಮಾತು ನಿಜ. ಬಾಡಿಗೆಗೆ ಬಂದ ಛಾಯಾಗ್ರಾಹಕರ ಮುಂದೆ ಸೆಟೆದು ನಿಲ್ಲುವ ಹಿರಿಯರು, ಮಗಳು ಕ್ಯಾಮೆರಾ ಎತ್ತಿದಾಗ ಜಗಲಿಯ ಮೇಲೆ ಕವಳ ಹಾಕುತ್ತಲೇ ಸಹಜವಾಗಿ ನಗುತ್ತಾರೆ. ಆ ನಗು ಬೇರೆಯವರು ತೆಗೆದ ಚಿತ್ರದಲ್ಲಿ ಮೂಡುವುದಿಲ್ಲ. ಆದರೆ ಆ ಸಮಾಧಾನ ನಿಮಗೆ ಸಾಲದೆ ಹೋದದ್ದರಲ್ಲಿ ತಪ್ಪೇನೂ ಇಲ್ಲ. ಆ ನೋಟ ಯಾರ ಕಡೆಗಿತ್ತು ಎಂಬುದು ಗೊತ್ತಿರುವುದು ನಿಮಗೆ ಮತ್ತು ಅಂದು ಅಲ್ಲಿದ್ದ ಕೆಲವರಿಗೆ ಮಾತ್ರ; ಮುಂದೊಂದು ದಿನ ಆ ಚಿತ್ರವನ್ನು ನೋಡುವ ನಿಮ್ಮ ಮೊಮ್ಮಕ್ಕಳಿಗೆ ಅದರಲ್ಲಿ ಅಜ್ಜ ಕಾಣುತ್ತಾರೆ, ಎದುರಿಗೆ ನಿಂತಿದ್ದ ನೀವು ಕಾಣುವುದಿಲ್ಲ.

ಕ್ಯಾಮೆರಾ ಹಿಡಿದವರು ತಾವೂ ಚಿತ್ರದಲ್ಲಿರಬೇಕೆಂದು ಬಯಸುವುದು ಅಹಂಕಾರವಾಗುತ್ತದೆಯೇ ಎಂಬ ನಿಮ್ಮ ಸಂಕೋಚವನ್ನು ಬಿಟ್ಟುಬಿಡಿ. ಚಿತ್ರಕಲಾವಿದೆ ಅಮೃತಾ ಶೇರ್‌ಗಿಲ್ ಅವರ ತಂದೆ ಉಮ್ರಾವ್ ಸಿಂಗ್ ಶೇರ್‌ಗಿಲ್ (1870–1954) ಹೆಂಡತಿಯನ್ನೂ ಇಬ್ಬರು ಹೆಣ್ಣುಮಕ್ಕಳನ್ನೂ ದಶಕಗಟ್ಟಲೆ ಶ್ರದ್ಧೆಯಿಂದ ಕ್ಯಾಮೆರಾದಲ್ಲಿ ಸೆರೆಹಿಡಿದರು. ಅಷ್ಟೇ ಶ್ರದ್ಧೆಯಿಂದ ತಮ್ಮನ್ನೂ ಮತ್ತೆ ಮತ್ತೆ ಸೆರೆಹಿಡಿದುಕೊಂಡರು. ಅವರ ಮೊಮ್ಮಗ, ಕಲಾವಿದ ವಿವಾನ್ ಸುಂದರಂ, ಮುಂದೆ ಆ ಸಂಗ್ರಹದಿಂದಲೇ ಹೊಸ ಕಲಾಕೃತಿಗಳನ್ನು ರಚಿಸಿದಾಗ ಅಜ್ಜನೂ ಅವುಗಳಲ್ಲಿ ಇರಲು ಸಾಧ್ಯವಾಯಿತು. ನಮ್ಮ ಯಕ್ಷಗಾನದಲ್ಲಿಯೂ ಆಟವನ್ನೆಲ್ಲ ನಡೆಸುವ ಭಾಗವತರು ರಂಗದ ಮೇಲೆಯೇ ಎಲ್ಲರ ಕಣ್ಣಿಗೆ ಕಾಣುವಂತೆ ಇರುತ್ತಾರಲ್ಲವೇ?

ನಿಮ್ಮ ಪತ್ರ ನನ್ನನ್ನು ಇನ್ನೊಂದು ವಿಷಯದ ಕುರಿತೂ ಯೋಚಿಸುವಂತೆ ಮಾಡಿತು. ನಮ್ಮ ಕಡೆಯ ಯಾವುದೇ ಮನೆಯ ಆಲ್ಬಂ ತೆರೆದರೂ ಹೋಮಕುಂಡದ ಮುಂದೆ ಕುಳಿತವರು, ಚಪ್ಪರದಡಿ ಸಾಲಾಗಿ ನಿಂತವರು, ಪಂಕ್ತಿಯಲ್ಲಿ ಉಣ್ಣುತ್ತಿರುವವರು ಸಿಗುತ್ತಾರೆ. ಹಿಂದಿನ ರಾತ್ರಿ ಕುಳಿತು ರಾಶಿ ತರಕಾರಿ ಹೆಚ್ಚಿದವರು, ಹಿತ್ತಲಿನ ದೊಡ್ಡ ಒಲೆಯ ಹೊಗೆಯಲ್ಲಿ ಹಂಡೆಗಳ ಜೊತೆ ಹೆಣಗಿದವರು, ಎಲ್ಲರ ಊಟ ಮುಗಿದ ಮೇಲೆ ಕೊನೆಯ ಪಂಕ್ತಿಗೆ ಕುಳಿತವರು ಸಿಗುವುದು ಅಪರೂಪ. ಬಾಡಿಗೆಯ ಛಾಯಾಗ್ರಾಹಕರಿಗೆ ಮುಹೂರ್ತದ ಕ್ಷಣಗಳೇ ಮುಖ್ಯವಾಗಿರುವುದರಿಂದ ಅವರು ಒಳಗೆ ಬರುವುದಿಲ್ಲ. ಮನೆಯವರಾದ ನಿಮಗೆ ಅಡಿಗೆಮನೆಯ ಬಾಗಿಲು ತೆರೆದೇ ಇರುತ್ತದೆ, ಮತ್ತು ಚಿತ್ರದಿಂದ ಹೊರಗುಳಿಯುವುದೆಂದರೆ ಏನೆಂದು ಚೆನ್ನಾಗಿ ಬಲ್ಲವರೂ ನೀವೇ. ಈ ಉಪನಯನದಲ್ಲಿ ನೀವು ಮೊದಲು ಅಲ್ಲಿಗೆ ಹೋಗಬೇಕೆಂಬುದು ನನ್ನ ಕಳಕಳಿಯ ಕೋರಿಕೆ. ಕ್ಯಾಮೆರಾವನ್ನು ಕಪಾಟಿನಲ್ಲಿಡಬೇಡಿ ಎಂದು ನಾನು ಹೇಳಲು ಇದೂ ಒಂದು ಕಾರಣ.

ಇನ್ನು ಕ್ಯಾಮೆರಾವನ್ನು ಯಾವಾಗ ಬಿಟ್ಟುಕೊಡಬೇಕು ಎಂಬ ಪ್ರಶ್ನೆ. ಭಿಕ್ಷೆಯ ಹೊತ್ತಿನಲ್ಲಿ ತಾಯಿಯ ನಂತರ ವಟುವಿಗೆ ಭಿಕ್ಷೆ ಹಾಕುವವರಲ್ಲಿ ಸೋದರತ್ತೆಯಾದ ನೀವೂ ಇರುತ್ತೀರಿ. ಆಗ ನಿಮ್ಮ ಎರಡೂ ಕೈಗಳು ಬಿಡುವಾಗಿರಬೇಕು. ಕ್ಯಾಮೆರಾದ ಹಿಂದೆ ಮುಂದೆಯೇ ಸುಳಿಯುತ್ತಾಳೆಂದು ನೀವು ಬರೆದಿರುವ ತಂಗಿಯ ಮಗಳಿಗೆ ಈ ಹೊಣೆಯನ್ನು ಮುಂಚೆಯೇ ಒಪ್ಪಿಸಿ. ಆ ಗಳಿಗೆಯಲ್ಲಿ ಕೈಗೆ ಕೊಟ್ಟು 'ಒಂದು ತೆಗೆ' ಎಂದರೆ ಯಾರಾದರೂ ತಡವರಿಸುತ್ತಾರೆ. ಹಿಂದಿನ ದಿನವೇ ಅವಳನ್ನು ಚಪ್ಪರದಲ್ಲಿ ನಿಲ್ಲಿಸಿ, ಎಲ್ಲಿಂದ ನೋಡಿದರೆ ಮುಖಗಳ ಮೇಲೆ ಬೆಳಕು ಬೀಳುತ್ತದೆ ಎಂಬುದನ್ನು ತೋರಿಸಿ, ಒಂದರ ಬದಲು ಹಲವು ಚಿತ್ರ ತೆಗೆಯಲು ಹೇಳಿ. ಅವಳ ಚಿತ್ರ ಸ್ವಲ್ಪ ಓರೆಯಾಗಿ ಬಂದರೂ ಅದನ್ನು ಉಳಿಸಿಕೊಳ್ಳಿ.

ಗೆಳತಿಯರ ಗುಂಪಿನಲ್ಲಿ ಈ ಕೆಲಸ ಇನ್ನೂ ಸುಲಭ. ಕಾರವಾರದ ಟ್ಯಾಗೋರ್ ಕಡಲತೀರದಲ್ಲಿ ದಾರಿಹೋಕರೊಬ್ಬರು ತೆಗೆದುಕೊಟ್ಟ ಚಿತ್ರದಲ್ಲಿ ಎಲ್ಲರೂ ಕಪ್ಪು ನೆರಳುಗಳಂತೆ ಬಂದರೆಂದು ಬೇಸರಪಟ್ಟಿದ್ದೀರಿ. ನಮ್ಮ ಕರಾವಳಿಯ ಕಡಲು ಪಡುವಣಕ್ಕಿರುವುದರಿಂದ, ಸಂಜೆ ಕಡಲಿಗೆ ಬೆನ್ನು ಮಾಡಿ ನಿಂತರೆ ಸೂರ್ಯ ಹಿಂದಿರುತ್ತಾನೆ, ಮುಖಗಳು ಕತ್ತಲಾಗುತ್ತವೆ. ಬೆಳಗಿನ ಹೊತ್ತು ಅದೇ ಜಾಗದಲ್ಲಿ ನಿಂತರೆ ಬೆಳಕು ಎದುರಿನಿಂದ ಬರುತ್ತದೆ. ಅಪರಿಚಿತರನ್ನು ಕೇಳಲು ಮುಜುಗರವೆನಿಸಿದರೆ ಫೋನನ್ನು ಕಟ್ಟೆಯ ಮೇಲೆ ಆನಿಸಿಟ್ಟು ಹತ್ತು ಸೆಕೆಂಡಿನ ಟೈಮರ್ ಹಾಕಬಹುದು. ಅಂಚಿನಲ್ಲಿರುವ ಮುಖಗಳನ್ನು ಅಗಲ ಕೋನದ ಮಸೂರ ಹಿಗ್ಗಿಸಿ ತೋರಿಸುತ್ತದೆಯಾದ್ದರಿಂದ ಗುಂಪು ಮಧ್ಯಕ್ಕೆ ಒತ್ತಿ ನಿಲ್ಲಲಿ. ಶಿರಸಿಯ ಮಾರಿಕಾಂಬಾ ಜಾತ್ರೆ ಎರಡು ವರ್ಷಕ್ಕೊಮ್ಮೆ ಹೇಗೂ ಬರುತ್ತದೆ. ಪ್ರತಿ ಜಾತ್ರೆಯಲ್ಲೂ, ಅದು ನಡೆಯುವ ಬಿಡಕಿಬೈಲಿನಲ್ಲಿ ನೀವೆಲ್ಲರೂ ಒಟ್ಟಿಗಿರುವ ಒಂದು ಚಿತ್ರವನ್ನು ಬೇರೆಯವರ ಕೈಯಲ್ಲಿ ತೆಗೆಸಿಕೊಳ್ಳಿ.

ಮನೆಯ ವಾಟ್ಸಾಪ್ ಗುಂಪಿನಿಂದ ತನ್ನ ಚಿತ್ರವನ್ನು ತೆಗೆದುಹಾಕಲು ಅತ್ತಿಗೆಯವರು ಕೇಳಿದ್ದರೆ ಕಾರಣ ವಿಚಾರಿಸದೆ ತೆಗೆದುಹಾಕಿ. ಅದೇ ಗುಂಪಿನಲ್ಲಿ ಮಾಮೂಲಿನಂತೆ ಕಳಿಸಿದ ಚಿತ್ರಗಳ ಗಾತ್ರ ಕುಗ್ಗುತ್ತದೆ, ತೆಗೆದ ದಿನಾಂಕದ ವಿವರವೂ ಕಳೆದುಹೋಗುತ್ತದೆ. ಉಳಿಯಬೇಕಾದವುಗಳನ್ನು ಡಾಕ್ಯುಮೆಂಟ್ ರೂಪದಲ್ಲಿ ಕಳಿಸಿ. ಮಳೆಗಾಲದ ತೇವಕ್ಕೆ ಆಲ್ಬಂ ಹಾಳೆಗೆ ಅಂಟಿಕೊಂಡಿರುವ ಹಳೆಯ ಪ್ರತಿಗಳನ್ನು ಎಳೆದು ಬಿಡಿಸಲು ಹೋಗದೆ ಇದ್ದಲ್ಲಿಯೇ ಅವುಗಳ ಚಿತ್ರ ತೆಗೆದುಕೊಳ್ಳಿ, ಮತ್ತು ಉಪನಯನಕ್ಕೆ ಬರುವ ಹಿರಿಯರನ್ನು ಕೇಳಿ ಪ್ರತಿಯೊಬ್ಬರ ಹೆಸರನ್ನೂ ಬರೆದಿಡಿ.

ಹಾಗೆಯೇ, ತಂದೆಯವರೊಂದಿಗೆ ನೀವಿರುವ ಚಿತ್ರಕ್ಕಾಗಿ ನಿಮ್ಮ ಹುಡುಕಾಟ ನಿಮ್ಮ ಸಂಗ್ರಹದಲ್ಲೇ ನಿಂತಿರುವಂತೆ ಕಾಣುತ್ತದೆ. ಅಣ್ಣನ ಮದುವೆಗೆ ಬಾಡಿಗೆ ವಿಡಿಯೋದವರು ಬಂದಿದ್ದರೆಂದು ಬರೆದಿದ್ದೀರಿ. ಆ ಇಡೀ ದಿನ ನೀವು ತಂದೆಯವರ ಆಸುಪಾಸಿನಲ್ಲೇ ಚಿತ್ರ ತೆಗೆಯುತ್ತ ಓಡಾಡಿರುತ್ತೀರಿ. ಆ ವಿಡಿಯೋವನ್ನು ಮೊದಲಿನಿಂದ ಕೊನೆಯವರೆಗೆ ನಿಧಾನವಾಗಿ ನೋಡಿ. ನೀವಿಬ್ಬರೂ ಒಟ್ಟಿಗೆ ಕಾಣುವ ಜಾಗದಲ್ಲಿ ನಿಲ್ಲಿಸಿ ಆ ಒಂದು ಚಿತ್ರವನ್ನು ಬೇರ್ಪಡಿಸಿಕೊಡುವಂತೆ ಶಿರಸಿಯ ಯಾವುದಾದರೂ ಸ್ಟುಡಿಯೋದವರನ್ನು ಕೇಳಿ. ಬಂಧುಗಳ ಫೋನುಗಳಲ್ಲಿಯೂ ನೋಡಿ. ಸಿಕ್ಕಿದರೆ ದಯವಿಟ್ಟು ನನಗೆ ಒಂದು ಸಾಲು ಬರೆದು ತಿಳಿಸಿ.

— ಸಂಪಾದಕ