ಪೆರ್ಲದ ಮನೆಗೆ ಆರೈಕೆಯವರು ಬೇಕು ಎಂದಿರಿ

ಕೇರಳದ ಕಾಸರಗೋಡು ಜಿಲ್ಲೆಯ ಪೆರ್ಲದಲ್ಲಿರುವ ನಿಮ್ಮ ದೊಡ್ಡಮ್ಮನ ಮಗನಿಗೆ ಸ್ನಾನ, ಊಟ, ಶೌಚ ನೋಡಿಕೊಳ್ಳುವವರು ಕಾಸರಗೋಡಿನ ಯಾವ ಏಜೆನ್ಸಿಯಲ್ಲಿ ಸಿಗುತ್ತಾರೆ ಎಂದು ಬೆಂಗಳೂರಿನಿಂದ ಕೇಳಿದ್ದೀರಿ. ಏಜೆನ್ಸಿಗಳು ಇವೆ. ಕಾಞಂಗಾಡಿನಲ್ಲಿ, ಮಂಗಳೂರಿನಲ್ಲಿ, ಪುತ್ತೂರಿನಲ್ಲಿ ಹೋಮ್ ನರ್ಸ್ ಒದಗಿಸುವವರ ಬೋರ್ಡುಗಳು ಬಸ್ ನಿಲ್ದಾಣದ ಸುತ್ತಲೇ ಕಾಣುತ್ತವೆ. ಆದರೆ ಅಲ್ಲಿಂದ ಶುರು ಮಾಡಬೇಡಿ. ನಮ್ಮ ಕಡೆ ಇಂಥ ಹುಡುಕಾಟ ಶುರುವಾಗಬೇಕಾದದ್ದು ದೊಡ್ಡಮ್ಮನ ಮನೆ ಇರುವ ವಾರ್ಡಿನಲ್ಲಿ. ಆ ವಾರ್ಡಿನ ಆಶಾ ಕಾರ್ಯಕರ್ತೆ ಯಾರು, ಹಾಸಿಗೆ ಹಿಡಿದವರನ್ನು ಮನೆಗೇ ಬಂದು ನೋಡುವ ಪಂಚಾಯಿತಿಯ ಪಾಲಿಯೇಟಿವ್ ನರ್ಸ್ ಯಾರು, ಮೆಂಬರ್ ಯಾರು ಎಂಬ ಮೂರು ಪ್ರಶ್ನೆಗೆ ಉತ್ತರ ಪಡೆದ ಮೇಲೆ ಉಳಿದ ಮಾತು.

ಈ ಊರುಗಳನ್ನು ನೀವು ಬಸ್ಸಿನ ಕಿಟಕಿಯಿಂದ ಮಾತ್ರ ನೋಡಿದ್ದರೆ ಕಷ್ಟದ ಅಳತೆ ಗೊತ್ತಾಗುವುದಿಲ್ಲ. ಗುಡ್ಡದ ಮೇಲೆ ಗೇರು ತೋಟ, ಇಳಿಜಾರಿನಲ್ಲಿ ಮನೆ, ಕೆಳಗೆ ಅಡಿಕೆ ತೋಟ, ತೋಡು. ಮನೆಯಿಂದ ರಿಕ್ಷಾ ನಿಲ್ಲುವ ಜಾಗಕ್ಕೆ ಮುರಕಲ್ಲಿನ ಮೆಟ್ಟಿಲು ಹತ್ತಬೇಕು. ನಡೆಯಲಾಗದ ಒಬ್ಬರನ್ನು ಆಸ್ಪತ್ರೆಗೆ ಕರೆದೊಯ್ಯಬೇಕೆಂದರೆ ಅಕ್ಕಪಕ್ಕದ ಮೂರು ನಾಲ್ಕು ಜನ ಕೆಲಸ ಬಿಟ್ಟು ಬಂದು ಕುರ್ಚಿಯಲ್ಲಿ ಹೊತ್ತು ತರಬೇಕು. ಅದಕ್ಕೇ ಇಲ್ಲಿ ಆರೈಕೆ ಎನ್ನುವುದು ಮನೆಗೇ ಬರಬೇಕಾದ ಸಂಗತಿ.

ಇನ್ನೊಂದು ಕಾರಣ ನಿಮಗೂ ಗೊತ್ತಿರುವುದೇ. 1970ರ ದಶಕದ ಕೊನೆಯಿಂದ 2000ದವರೆಗೆ ಸರಕಾರದ ಪ್ಲಾಂಟೇಷನ್ ಕಾರ್ಪೊರೇಷನ್ನಿನ ಗೇರು ತೋಟಗಳ ಮೇಲೆ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಎಂಬ ಕೀಟನಾಶಕ ಸಿಂಪಡಿಸಿದರು. ಎಣ್ಮಕಜೆ, ಬೆಳ್ಳೂರು, ಕುಂಬ್ಡಾಜೆ, ಬದಿಯಡ್ಕ, ಕಾರಡ್ಕ, ಮುಳಿಯಾರು, ಆ ಕಡೆ ಪೆರಿಯ, ಪನತ್ತಡಿ, ಎಲ್ಲ ಕಡೆಯೂ ಒಂದೇ ಕಥೆ. ಪಡ್ರೆಯ ವಾಣಿನಗರದಲ್ಲಿ ರೋಗಿಗಳನ್ನು ನೋಡುತ್ತಿದ್ದ ಡಾ. ಮೋಹನ್ ಕುಮಾರ್ ಅವರು ತಮ್ಮ ಬಳಿ ಬರುವವರಲ್ಲಿ ಅಸಹಜವಾದದ್ದೇನೋ ಕಾಣುತ್ತಿದೆ ಎಂದು ಮೊದಲಾಗಿ ಬರೆದವರು. ಆ ವರ್ಷಗಳಲ್ಲಿ ಅಂಗವೈಕಲ್ಯದೊಂದಿಗೆ ಹುಟ್ಟಿದ ಮಕ್ಕಳು ಈಗ ಮೂವತ್ತು, ನಲವತ್ತು ವರ್ಷದವರು. ಅವರನ್ನು ಎತ್ತಿ, ತೊಳೆದು, ಉಣ್ಣಿಸಿದ ತಾಯಂದಿರಿಗೆ ಅರವತ್ತು, ಎಪ್ಪತ್ತು. ಮಗ ಬೆಳೆದು ಭಾರವಾದ, ತಾಯಿಯ ಸೊಂಟ ಸೋತಿತು. ನಿಮ್ಮ ದೊಡ್ಡಮ್ಮ ಇಷ್ಟು ವರ್ಷ ಯಾರನ್ನೂ ಕೇಳಲಿಲ್ಲ ಎಂದರೆ ಅವರಿಗೆ ಸಹಾಯ ಬೇಕಿರಲಿಲ್ಲ ಎಂದು ಅರ್ಥವಲ್ಲ. ಕೇಳಿದರೆ ಸಿಗುತ್ತದೆ ಎಂದು ಅವರಿಗೆ ಯಾರೂ ಹೇಳಿರಲಿಲ್ಲ, ಅಷ್ಟೆ.

ಸಿಗುವುದು ಏನು ಎಂದು ಹೇಳುತ್ತೇನೆ. ಕೇರಳ ಸರಕಾರ 2008ರಲ್ಲಿ ಪಾಲಿಯೇಟಿವ್ ಆರೈಕೆಗೆ ಒಂದು ನೀತಿಯನ್ನೇ ಮಾಡಿತು. ದೇಶದಲ್ಲಿ ಹಾಗೆ ಮಾಡಿದ ಮೊದಲ ರಾಜ್ಯ ಇದು. ಅದರಿಂದಾಗಿ ಪಂಚಾಯಿತಿಯ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಹೊಂದಿಕೊಂಡು ಒಬ್ಬ ತರಬೇತಿ ಪಡೆದ ನರ್ಸ್ ಇರುತ್ತಾರೆ. ಗೊತ್ತಾದ ದಿನಗಳಂದು ವಾಹನದಲ್ಲಿ ಆಶಾ ಕಾರ್ಯಕರ್ತೆಯ ಜೊತೆ ಮನೆ ಮನೆಗೆ ಹೋಗುತ್ತಾರೆ. ಪಾಲಿಯೇಟಿವ್ ಎಂದರೆ ಕ್ಯಾನ್ಸರಿನ ಕೊನೆಯ ದಿನಗಳಿಗೆ ಮಾತ್ರ ಎಂದು ನಮ್ಮವರೂ ನಂಬಿಬಿಟ್ಟಿದ್ದಾರೆ, ನೀವೂ ನಂಬಿರಬಹುದು. ಹಾಸಿಗೆ ಹಿಡಿದ ಯಾರೇ ಆಗಲಿ, ಪಾರ್ಶ್ವವಾಯು ಬಡಿದವರು, ಬೆನ್ನುಹುರಿಗೆ ಪೆಟ್ಟಾದವರು, ನಿಮ್ಮ ಅಣ್ಣನಂತೆ ಹುಟ್ಟಿನಿಂದ ಸೆರೆಬ್ರಲ್ ಪಾಲ್ಸಿ (ಮಿದುಳಿನ ತೊಂದರೆಯಿಂದ ಕೈಕಾಲು ಹಿಡಿತಕ್ಕೆ ಬಾರದ ಸ್ಥಿತಿ) ಇರುವವರು, ಎಲ್ಲರ ಹೆಸರೂ ಅದರಲ್ಲಿ ಸೇರುತ್ತದೆ. ದೊಡ್ಡಮ್ಮ ಆರೋಗ್ಯ ಕೇಂದ್ರಕ್ಕೆ ಹೋಗಿ ವೈದ್ಯರಿಗೆ ಕಾಗದಪತ್ರ ತೋರಿಸಿದರೆ ಸಾಕು. ಹಾಸಿಗೆ ಹುಣ್ಣಿಗೆ ಮದ್ದು ಕಟ್ಟುವುದು, ಕ್ಯಾತೆಟರ್ (ಮೂತ್ರದ ನಳಿಕೆ) ಬದಲಿಸುವುದು, ನೀರಿನ ಹಾಸಿಗೆಯನ್ನೋ ಗಾಲಿಕುರ್ಚಿಯನ್ನೋ ಬಳಸಿ ಹಿಂತಿರುಗಿಸುವಂತೆ ಕೊಡುವುದು, ಮನೆಯವರಿಗೆ ಮೈ ತಿರುಗಿಸುವ ಕ್ರಮ ಕಲಿಸುವುದು, ಇಷ್ಟನ್ನು ಆ ನರ್ಸ್ ಮಾಡುತ್ತಾರೆ. ಹಣ ಕೊಡಬೇಕಿಲ್ಲ.

ಮಾಡದೇ ಇರುವುದೂ ಇದೆ. ಅವರು ದಿನಾ ಬಂದು ಸ್ನಾನ ಮಾಡಿಸುವುದಿಲ್ಲ. ತಿಂಗಳಿಗೆ ಒಂದೆರಡು ಸಲ ಬರುವವರಿಂದ ಅದನ್ನು ನಿರೀಕ್ಷಿಸುವುದು ನ್ಯಾಯವೂ ಅಲ್ಲ. ಬೆಳಿಗ್ಗೆ ಮೈ ತೊಳೆಸುವುದು, ಹಲ್ಲುಜ್ಜಿಸುವುದು, ಡೈಪರ್ ಬದಲಿಸುವುದು, ಗಡ್ಡ ಬೋಳಿಸುವುದು, ತುತ್ತು ತುತ್ತಾಗಿ ಉಣ್ಣಿಸುವುದು, ರಾತ್ರಿ ಎದ್ದು ಮಗ್ಗುಲು ಬದಲಿಸುವುದು, ಇದು ಸರಕಾರದ ಯಾವ ವ್ಯವಸ್ಥೆಯಲ್ಲೂ ಪೂರ್ತಿಯಾಗಿ ಇಲ್ಲ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯಲ್ಲಿ ಹೆಚ್ಚಿನ ನೆರವು ಬೇಕಾದವರಿಗೆ ಆರೈಕೆದಾರರ ಭತ್ಯೆಯ ಮಾತಿದೆ. ಕೇರಳದಲ್ಲಿ ಅದರ ರೂಪ ‘ಆಶ್ವಾಸಕಿರಣಂ’: ದಿನವಿಡೀ ಆರೈಕೆಗೆ ನಿಂತವರಿಗೆ ತಿಂಗಳಿಗೆ 600 ರೂಪಾಯಿ. ಇಲ್ಲಿನ ಒಂದು ದಿನದ ಕೂಲಿಗೂ ಸಾಲದ ಹಣ, ಅದೂ ಬಾಕಿ ಬೀಳುತ್ತಲೇ ಬಂದಿದೆ. ಆದರೂ ಅರ್ಜಿ ಹಾಕಿಸಿ. ಒಬ್ಬ ತಾಯಿ ಮನೆಯೊಳಗೆ ಮಾಡುತ್ತಿರುವುದು ಕೆಲಸ ಎಂದು ಸರಕಾರದ ದಾಖಲೆಯಲ್ಲಿ ಬರೆಸುವುದಕ್ಕೆ ಬೇರೆ ದಾರಿ ಇಲ್ಲ.

ಈಗ ಹೋಮ್ ನರ್ಸ್ ವಿಷಯ. ಹೆಸರಿನಲ್ಲಿ ನರ್ಸ್ ಎಂದಿದ್ದರೂ ಏಜೆನ್ಸಿಯಿಂದ ಬರುವವರಲ್ಲಿ ಹೆಚ್ಚಿನವರು ನರ್ಸಿಂಗ್ ಓದಿದವರಲ್ಲ. ನರ್ಸಿಂಗ್ ಓದಿದ ಮಲಯಾಳಿ ಹೆಣ್ಣುಮಕ್ಕಳು ಕೊಲ್ಲಿಗೋ ಯುರೋಪಿಗೋ ಹೋಗುತ್ತಾರೆ. ಮನೆಯಲ್ಲಿದ್ದು ಆರೈಕೆ ಮಾಡಲು ಬರುವವರು ಬಡತನದಿಂದ ಹೊರಟ, ನಡುವಯಸ್ಸಿನ ಹೆಂಗಸರು. ಹಲವರು ವಯನಾಡಿನಂಥ ದೂರದ ಜಿಲ್ಲೆಗಳಿಂದ ಬಂದವರು. ಅವರಲ್ಲಿ ಬಹಳ ಒಳ್ಳೆಯವರಿದ್ದಾರೆ, ಅವರ ಬಗ್ಗೆ ನನಗೆ ಗೌರವವಿದೆ. ಆದರೆ ಇಂಜೆಕ್ಷನ್, ಕ್ಯಾತೆಟರ್, ಮೂಗಿನ ನಳಿಕೆ ಇವುಗಳನ್ನು ಅವರ ಕೈಗೆ ಬಿಡಬೇಡಿ. ಏಜೆನ್ಸಿಯವರು ಮೊದಲೇ ನೋಂದಣಿ ಶುಲ್ಕ ಎಂದು ಕೇಳುತ್ತಾರೆ, ತಿಂಗಳ ಸಂಬಳದಲ್ಲೂ ಒಂದು ಪಾಲು ಇಟ್ಟುಕೊಳ್ಳುತ್ತಾರೆ. ಬಂದವರು ಮಧ್ಯದಲ್ಲಿ ಬಿಟ್ಟುಹೋದರೆ ಬದಲಿ ಎಷ್ಟು ದಿನದಲ್ಲಿ, ವಾರದ ರಜೆ ಯಾವಾಗ, ಕೆಲಸದವರ ಕೈಗೆ ನಿಜವಾಗಿ ಸೇರುವುದು ಎಷ್ಟು ಎಂದು ಬರೆಸಿಕೊಳ್ಳಿ. ಗುರುತಿನ ಚೀಟಿಯ ಪ್ರತಿಯನ್ನು ಠಾಣೆಗೆ ಕೊಟ್ಟು ಪರಿಶೀಲಿಸಿಕೊಳ್ಳುವುದು ಇಬ್ಬರಿಗೂ ಒಳ್ಳೆಯದು.

ನಿಮ್ಮ ಅಣ್ಣನ ವಿಷಯದಲ್ಲಿ ಇನ್ನೂ ಎರಡು ತೊಡಕುಗಳಿವೆ. ಗಂಡಸರ ಆರೈಕೆಗೆ ಗಂಡಸರು ಸಿಗುವುದು ಬಲು ಕಷ್ಟ. ಏಜೆನ್ಸಿಯವರು ‘ಹೆಂಗಸರೇ ಎಲ್ಲ ಮಾಡುತ್ತಾರೆ, ಏನೂ ತೊಂದರೆ ಇಲ್ಲ’ ಎನ್ನುತ್ತಾರೆ. ತೊಂದರೆ ಇದೆಯೋ ಇಲ್ಲವೋ ಎಂದು ಹೇಳಬೇಕಾದವರು ನಿಮ್ಮ ಅಣ್ಣ. ಮಾತು ತೊದಲುತ್ತದೆ ಎಂದು ಅವರಿಗೆ ಸಂಕೋಚವಿಲ್ಲ ಎಂದುಕೊಳ್ಳಬಾರದು. ಹೆಣ್ಣುಮಕ್ಕಳಾದರೆ ಮುಟ್ಟಿನ ದಿನಗಳ ಆರೈಕೆಯೂ ಸೇರುತ್ತದೆ. ಅಲ್ಲಿ ಹೆಂಗಸರೇ ಬೇಕೆಂದು ಎಲ್ಲರೂ ಒಪ್ಪುತ್ತಾರೆ, ಗಂಡಸಿನ ಮಾನದ ವಿಷಯಕ್ಕೆ ಮಾತ್ರ ಏಕೋ ಯಾರೂ ತಲೆ ಕೆಡಿಸಿಕೊಳ್ಳುವುದಿಲ್ಲ.

ಎರಡನೆಯದು ಭಾಷೆ. ಪೆರ್ಲದ ಸುತ್ತ ಮನೆಯೊಳಗೆ ಹವ್ಯಕ ಕನ್ನಡ, ತುಳು, ಕರಾಡ, ಮರಾಠಿ, ಅಂಗಡಿಯಲ್ಲಿ ಮಲಯಾಳ. ನಡೆದಾಡುವ ನಮಗೆ ಎಲ್ಲವೂ ಬರುತ್ತವೆ. ಆದರೆ ಮನೆಯಿಂದ ಹೊರಗೆ ಹೋಗದೆ ಬೆಳೆದವರಿಗೆ ಬರುವುದು ತಾಯಿ ಆಡುವ ಒಂದೇ ಭಾಷೆ. ನೀರು ಬಿಸಿಯಾಯಿತು, ಕಾಲು ಮಡಚಿ ನೋಯುತ್ತಿದೆ, ಇನ್ನು ಸಾಕು ಎಂದು ಹೇಳಿದ್ದು ಎದುರಿನವರಿಗೆ ತಿಳಿಯದಿದ್ದರೆ ಸ್ನಾನವೇ ಶಿಕ್ಷೆಯಾಗುತ್ತದೆ. ಸರ್ಟಿಫಿಕೇಟ್ ಇದ್ದೂ ಭಾಷೆ ಬಾರದವರು, ಸರ್ಟಿಫಿಕೇಟ್ ಇಲ್ಲದಿದ್ದರೂ ಭಾಷೆ ಬಲ್ಲವರು, ಇಬ್ಬರಲ್ಲಿ ಒಬ್ಬರನ್ನು ಆರಿಸಬೇಕಾದರೆ ನಾನು ಎರಡನೆಯವರನ್ನೇ ಆರಿಸುತ್ತೇನೆ. ಕೆಲಸವನ್ನು ಕೆಲವು ವಾರಗಳಲ್ಲಿ ಕಲಿಸಬಹುದು.

ಹಾಗಾಗಿ ನಾನು ಹೇಳುವ ದಾರಿ ಇದು. ನಡೆದು ಬರುವಷ್ಟು ಹತ್ತಿರದ ಮನೆಗಳಲ್ಲಿ ಇಬ್ಬರನ್ನು ಹುಡುಕಿ, ಒಬ್ಬರಲ್ಲ. ಬೆಳಿಗ್ಗೆ ಎರಡು ಮೂರು ಗಂಟೆ ಒಬ್ಬರು, ಸಂಜೆ ಇನ್ನೊಬ್ಬರು. ಒಬ್ಬರಿಗೆ ಜ್ವರ ಬಂದರೆ, ಮನೆಯಲ್ಲಿ ಮದುವೆಯಿದ್ದರೆ, ಇನ್ನೊಬ್ಬರು ಇರುತ್ತಾರೆ. ಅಡಿಕೆ ಕೊಯ್ಲಿನ ಕಾಲದಲ್ಲಿ ಯಾರೂ ಸಿಗುವುದಿಲ್ಲ ಎಂಬುದನ್ನು ಮೊದಲೇ ಲೆಕ್ಕಕ್ಕೆ ಹಿಡಿಯಿರಿ. ವಾರ್ಡಿನ ಕುಟುಂಬಶ್ರೀ (ಕೇರಳದ ಮಹಿಳಾ ಸ್ವಸಹಾಯ ಸಂಘ) ಘಟಕದಲ್ಲಿ ಕೇಳಿದರೆ ಕೆಲಸ ಬೇಕಾದವರ ಹೆಸರು ಸಿಗುತ್ತದೆ. ಮನೆ ಆರೈಕೆಗೆ ಕುಟುಂಬಶ್ರೀಯೇ ತರಬೇತಿ ಕೊಟ್ಟ ಹೆಂಗಸರೂ ಜಿಲ್ಲೆಯಲ್ಲಿದ್ದಾರೆ. ಗಂಡಸರ ಬಗ್ಗೆ ಆಶಾ ಕಾರ್ಯಕರ್ತೆಯನ್ನೇ ಕೇಳಿ. ಮನೆಯಲ್ಲಿ ಹಾಸಿಗೆ ಹಿಡಿದ ಅಪ್ಪನನ್ನು ನೋಡಿಕೊಂಡು ಅನುಭವವಿರುವ ಒಬ್ಬ ಗಂಡಸು ಪ್ರತಿ ವಾರ್ಡಿನಲ್ಲೂ ಇರುತ್ತಾನೆ, ಅವನನ್ನು ಈ ಕೆಲಸಕ್ಕೆ ಯಾರೂ ಕರೆದಿರುವುದಿಲ್ಲ. ನೆರೆಯವರೆಂದು ಕಡಿಮೆ ಕೊಡಬೇಡಿ. ತೋಟದ ಕೂಲಿಯ ಲೆಕ್ಕದಲ್ಲೇ ಕೊಡಿ, ಹಬ್ಬಕ್ಕೂ ಕೊಡಿ. ಕಡಿಮೆ ಕೂಲಿಗೆ ಉಪಕಾರವೆಂದು ಬಂದವರನ್ನು ‘ನಿನ್ನೆ ಏಕೆ ಬರಲಿಲ್ಲ’ ಎಂದು ಕೇಳುವ ಬಾಯಿ ದೊಡ್ಡಮ್ಮನಿಗೆ ಇರುವುದಿಲ್ಲ.

ಪಾಲಿಯೇಟಿವ್ ನರ್ಸ್ ಬರುವ ದಿನ ಇವರಿಬ್ಬರನ್ನೂ ಮನೆಗೆ ಕರೆಸಿ, ಕೆಲಸ ಅಲ್ಲೇ ಕಲಿಯಲಿ. ಕಂಕುಳಿಗೆ ಕೈಹಾಕಿ ಒಬ್ಬರೇ ಎಳೆದು ಎತ್ತಬಾರದು. ಅಡಿಯಲ್ಲಿ ದಪ್ಪ ಹೊದಿಕೆ ಹಾಸಿ, ಇಬ್ಬರು ಎರಡು ಕಡೆ ಹಿಡಿದು ಸರಿಸಬೇಕು. ಮಲಗಿದಲ್ಲೇ ಇದ್ದರೆ ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸಬೇಕು. ಸ್ನಾನದ ಹೊತ್ತಿಗೆ ಹಿಮ್ಮಡಿ, ಬೆನ್ನಿನ ಕೆಳಭಾಗ, ಸೊಂಟದ ಮೂಳೆ, ತಲೆಯ ಹಿಂಭಾಗ ನೋಡಬೇಕು. ಒತ್ತಿದರೂ ಮಾಯವಾಗದ ಕೆಂಪು ಕಂಡರೆ ಅದೇ ಹುಣ್ಣಿನ ಆರಂಭ. ಉಣ್ಣಿಸುವಾಗ ಕೂರಿಸಿಯೇ ಉಣ್ಣಿಸಬೇಕು, ಗದ್ದ ಸ್ವಲ್ಪ ಕೆಳಗಿರಬೇಕು, ಉಂಡ ಮೇಲೆ ಅರ್ಧ ಗಂಟೆ ಮಲಗಿಸಬಾರದು. ಸೆರೆಬ್ರಲ್ ಪಾಲ್ಸಿ ಇರುವವರಲ್ಲಿ ಅನ್ನದ ಅಗುಳು ಶ್ವಾಸಕೋಶಕ್ಕೆ ಇಳಿದು ಆಗುವ ನ್ಯುಮೋನಿಯ ಎಷ್ಟೋ ಜೀವ ತೆಗೆದಿದೆ. ಅಪಸ್ಮಾರದ ಮಾತ್ರೆ ಇದ್ದರೆ ಒಂದು ಹೊತ್ತೂ ತಪ್ಪಬಾರದು.

ಕಾಗದಪತ್ರಗಳನ್ನು ಬೇಗ ಹೇಳಿಬಿಡುತ್ತೇನೆ. ಅಂಗವಿಕಲರ ಗುರುತಿನ ಚೀಟಿಯಾದ ಯುಡಿಐಡಿ ಕಾರ್ಡ್ ಇಲ್ಲದಿದ್ದರೆ, ಸರಕಾರಿ ಅರ್ಜಿಗಳನ್ನು ಆನ್‌ಲೈನಿನಲ್ಲಿ ಹಾಕಿಕೊಡುವ ಅಕ್ಷಯ ಕೇಂದ್ರದಲ್ಲಿ ಅರ್ಜಿ ಹಾಕಿಸಿ. ಅದು ದೇಶದಾದ್ಯಂತ ನಡೆಯುತ್ತದೆ, ಮುಂದೆ ಬೆಂಗಳೂರಿಗೆ ಕರೆದೊಯ್ದರೂ ಬೇಕು. ಕೇರಳದ ಪಿಂಚಣಿ ಮಾತ್ರ ಗಡಿ ದಾಟಿ ಬರುವುದಿಲ್ಲ. ನಿಮ್ಮ ಅಣ್ಣನ ಹೆಸರು ಎಂಡೋಸಲ್ಫಾನ್ ಸಂತ್ರಸ್ತರ ಪಟ್ಟಿಯಲ್ಲಿದೆಯೇ ಎಂದು ದೊಡ್ಡಮ್ಮನನ್ನು ಕೇಳಿ. ಇದ್ದರೆ ‘ಸ್ನೇಹಸಾಂತ್ವನಂ’ ಪಿಂಚಣಿ ಬೇರೆ ಇದೆ. ಸುಪ್ರೀಂ ಕೋರ್ಟ್ 2017ರ ಜನವರಿಯಲ್ಲಿ ಆದೇಶಿಸಿದ 5 ಲಕ್ಷ ರೂಪಾಯಿ ಪರಿಹಾರವೂ ಬಂದಿರಬೇಕು. ಮೂರು ತಿಂಗಳಲ್ಲಿ ಕೊಡಬೇಕಿದ್ದ ಆ ಹಣಕ್ಕಾಗಿ ಬಹುಪಾಲು ಜನ 2022ರಲ್ಲಿ ನ್ಯಾಯಾಲಯ ಮತ್ತೆ ಗದರಿಸುವವರೆಗೆ ಕಾದರು. ಕೇಂದ್ರ ಸರಕಾರದ ರಾಷ್ಟ್ರೀಯ ನ್ಯಾಸದ (ನ್ಯಾಷನಲ್ ಟ್ರಸ್ಟ್) ‘ನಿರಾಮಯ’ ವಿಮೆ 1 ಲಕ್ಷದವರೆಗೆ ವೈದ್ಯಕೀಯ ವೆಚ್ಚ ಕೊಡುತ್ತದೆ, ಸೆರೆಬ್ರಲ್ ಪಾಲ್ಸಿ ಇರುವವರು ಅದರಲ್ಲಿ ಸೇರಬಹುದು. ದೊಡ್ಡಮ್ಮನ ನಂತರ ಸಹಿ ಯಾರದು ಎಂಬ ಚಿಂತೆಗೆ ಜಿಲ್ಲಾಧಿಕಾರಿಯ ಅಧ್ಯಕ್ಷತೆಯ ಸ್ಥಳೀಯ ಸಮಿತಿ ಕಾನೂನು ಪ್ರಕಾರದ ಪೋಷಕರನ್ನು (ಗಾರ್ಡಿಯನ್) ನೇಮಿಸುತ್ತದೆ. ಆದರೆ ನಿಮ್ಮ ಅಣ್ಣನಿಗೆ ವಿಷಯ ತಿಳಿಯುತ್ತದೆ, ನಿರ್ಧರಿಸಬಲ್ಲರು ಎಂದಾದರೆ ಅವರ ಮೇಲೆ ಪೋಷಕರನ್ನು ಹೇರಬೇಡಿ. ಬ್ಯಾಂಕ್ ಖಾತೆ ಅವರ ಹೆಸರಿನಲ್ಲೇ ಇರಲಿ. ಮಲಯಾಳ ಓದಲು ಬಾರದ ದೊಡ್ಡಮ್ಮ ಕನ್ನಡದಲ್ಲೇ ಅರ್ಜಿ ಬರೆದು ಕೊಡಬಹುದು. ಕೇರಳದ 1969ರ ಅಧಿಕೃತ ಭಾಷಾ ಕಾಯ್ದೆಯೇ ಕನ್ನಡ ಅಲ್ಪಸಂಖ್ಯಾತ ಪ್ರದೇಶಗಳಲ್ಲಿ ಆ ಹಕ್ಕು ಕೊಟ್ಟಿದೆ. ಕೌಂಟರಿನಲ್ಲಿ ಯಾರಾದರೂ ಮುಖ ಸಿಂಡರಿಸಿದರೂ ಹಿಂದೆ ತರಬೇಡಿ.

ಎಣ್ಮಕಜೆ, ಬೆಳ್ಳೂರು ಮುಂತಾದ ಪಂಚಾಯಿತಿಗಳಲ್ಲಿ ಬಡ್ಸ್ ಶಾಲೆಗಳಿವೆ, ಅಂದರೆ ಬೌದ್ಧಿಕ ಅಂಗವೈಕಲ್ಯ ಇರುವವರ ವಿಶೇಷ ಶಾಲೆಗಳು. ನಿಮ್ಮ ಅಣ್ಣನ ವಯಸ್ಸಿಗೆ ಅಲ್ಲಿ ಏನು ಸಾಧ್ಯ ಎಂದು ವಿಚಾರಿಸಿ. ಹಗಲು ನಾಲ್ಕು ಗಂಟೆ ಅವರು ಜನರ ನಡುವೆ ಇದ್ದು ಬಂದರೆ ದೊಡ್ಡಮ್ಮ ಮಲಗಿ ನಿದ್ದೆ ಮಾಡಬಹುದು.

ಮಂಗಳೂರಿನಿಂದಲೋ ಪುತ್ತೂರಿನಿಂದಲೋ ಒಬ್ಬರನ್ನು ಗೊತ್ತುಮಾಡಬೇಕೆಂದು ನಿಮಗೆ ಅನಿಸಬಹುದು, ಅವರಿಗೆ ಕನ್ನಡ, ತುಳು ಎರಡೂ ಬರುತ್ತವೆ. ತಪ್ಪಿಲ್ಲ. ಆದರೆ 2020ರ ಮಾರ್ಚಿನಲ್ಲಿ ಕರ್ನಾಟಕ ಗಡಿ ಮುಚ್ಚಿ ರಸ್ತೆಗಳಿಗೆ ಮಣ್ಣು ಸುರಿದಾಗ ತಲಪಾಡಿಯಲ್ಲಿ ಆಂಬುಲೆನ್ಸುಗಳೇ ನಿಂತವು, ಮಂಗಳೂರಿನ ಆಸ್ಪತ್ರೆ ತಲುಪಲಾಗದೆ ರೋಗಿಗಳು ತೀರಿಕೊಂಡರು. ಅಂದಿನಿಂದ ನಾವು ಒಂದು ಕ್ರಮ ಇಟ್ಟುಕೊಂಡಿದ್ದೇವೆ: ಆರೈಕೆಯವರಲ್ಲಿ ಒಬ್ಬರಾದರೂ ಈ ಬದಿಯವರೇ ಇರಬೇಕು, ಮಾತ್ರೆ ಒಂದು ತಿಂಗಳಿಗೆ ಮುಂಚಿತವಾಗಿ ಮನೆಯಲ್ಲಿರಬೇಕು.

ನೀವು ಊರಿಗೆ ಬರುವುದಾದರೆ ಭಾನುವಾರ ಬಂದು ಹೋಗಬೇಡಿ, ವಾರದ ನಡುವೆ ಬನ್ನಿ. ಆರೋಗ್ಯ ಕೇಂದ್ರ, ಪಂಚಾಯಿತಿ ಕಚೇರಿ, ಅಕ್ಷಯ ಕೇಂದ್ರ ಮೂರೂ ತೆರೆದಿರುತ್ತವೆ. ಬಚ್ಚಲಿನ ಬಾಗಿಲಿನ ಅಗಲ ಅಳೆದು, ಹೊಸ್ತಿಲು ತೆಗೆಸಿ, ಗಾಲಿ ಇರುವ ಕಮೋಡ್ ಕುರ್ಚಿ ಒಳಗೆ ಹೋಗುವಂತೆ ಮಾಡಿಸಿ. ಒಂದು ಅಡಿ ಎತ್ತರಕ್ಕೆ ಹನ್ನೆರಡು ಅಡಿ ಉದ್ದದ ಇಳಿಜಾರು ಬೇಕೆಂದು ಮೇಸ್ತ್ರಿಗೆ ಹೇಳಿ. ಜೂನಿಗೆ ಮೊದಲೇ ಈ ಕೆಲಸ ಮುಗಿಯಲಿ, ಮಳೆ ಹಿಡಿದರೆ ಸಿಮೆಂಟಿನ ಕೆಲಸಕ್ಕೆ ಇಲ್ಲಿ ಯಾರೂ ಬರುವುದಿಲ್ಲ.