ಆಕ್ಲೆಂಡ್‌ಗೆ ಬಂದಿದ್ದೇನೆ, ಇಲ್ಲಿನ ಮೂಲನಿವಾಸಿಗಳ ಭಾಷೆ ಮಾವೊರಿ ಕಲಿಯುವ ಆಸೆ. ಉಚ್ಚಾರಣೆ ತಿದ್ದುವ ಒಳ್ಳೆಯ ಆಪ್ ಯಾವುದು?

ನಾನೂ ಇದನ್ನೇ ಕೇಳಿದವನು. ಉಚ್ಚಾರಣೆಗೆ ಆಪ್ ಬೇಡ ಮಾರಾಯ್ರೇ, ಕನ್ನಡ ಸಾಕು. ಅ-ಆ, ಇ-ಈ, ಉ-ಊ, ಎ-ಏ, ಒ-ಓ. ಮಾವೊರಿಯ ಸ್ವರಗಳು ಇಷ್ಟೇ. ರೋಮನ್ ಅಕ್ಷರದ ನೆತ್ತಿಯ ಮೇಲೆ ಗೀಟಿದ್ದರೆ ದೀರ್ಘ. ಬರೆಯುವಾಗ ಅದನ್ನು ಬಿಡಬೇಡಿ: ವಹಿನೆ ಅಂದರೆ ಒಬ್ಬ ಹೆಂಗಸು, ವಾಹಿನೆ ಅಂದರೆ ಹಲವರು. ವ್ಯಂಜನ ಹತ್ತೇ. ಪದದ ಮೊದಲಲ್ಲೇ ಙ ಬಂದಾಗ ಮಾತ್ರ ನಾಲಿಗೆ ತಡವರಿಸುತ್ತದೆ. 'ಮಂಗ' ಎನ್ನುವಾಗ ಗ ಹೊರಡುವ ಮುಂಚೆ ನಿಲ್ಲಿಸಿ, ಮೂಗಿನಿಂದಲೇ ಆ ಎನ್ನಿ.

ಎಡವುವುದು ಬೇರೆ ಕಡೆ: 'ನನ್ನ' ಎನ್ನುವಲ್ಲಿ. ನಮಗೆ ಅದು ಒಂದೇ ಪದ. ಅವರಿಗೆ ತಾಕು, ತೋಕು ಎಂದು ಎರಡು. ತರಗತಿಯಲ್ಲಿ ಮೊದಲು ಕಲಿಸುವುದು ಪೆಪೆಹಾ, ಅಂದರೆ ಬೆಟ್ಟ, ನದಿ, ಕುಲ, ಹೆಸರು ಹೇಳಿ ಪರಿಚಯ ಮಾಡಿಕೊಳ್ಳುವುದು. ಅದರಲ್ಲಿ ಬರುವುದೆಲ್ಲ ತೋಕು. ಅದು ಬಾಯಿಗೆ ಅಂಟಿಕೊಂಡು ಆಮೇಲೆ ಮಗುವಿಗೂ ಊಟಕ್ಕೂ ತೋಕು ಎಂದುಬಿಡುತ್ತಾರೆ. ತಪ್ಪು. ನಿಮ್ಮ ಕೈಕೆಳಗೆ ನಡೆಯುವುದಕ್ಕೆ ತಾಕು: ಮಕ್ಕಳು, ಮೊಮ್ಮಕ್ಕಳು, ಗಂಡ ಅಥವಾ ಹೆಂಡತಿ, ಊಟ, ಪುಸ್ತಕ, ನಾಯಿ. ನಿಮ್ಮನ್ನು ಹೊತ್ತದ್ದಕ್ಕೆ, ಹೊದಿಸಿದ್ದಕ್ಕೆ, ನಿಮಗಿಂತ ಮೇಲಿನದಕ್ಕೆ ತೋಕು: ಅಪ್ಪ ಅಮ್ಮ, ಮನೆ, ಬಟ್ಟೆ, ಕಾರು, ಕೈಕಾಲು. ಸವಾರಿಯದು ಎಂಬ ಕಾರಣಕ್ಕೆ ಕುದುರೆಯೂ ಇಲ್ಲಿಗೇ. ಒಡಹುಟ್ಟಿದವರೂ ಗೆಳೆಯರೂ ತೋಕು.

ಇದನ್ನು 'ಒಡೆತನ' ಎಂದು ಕಲಿತರೆ ಕೆಟ್ಟಿರಿ. ಕಾರು ನಿಮ್ಮದೇ, ಪುಸ್ತಕವೂ ನಿಮ್ಮದೇ. ಆದರೂ ಗುಂಪು ಬೇರೆ. ಇನ್ನು ಕುಡಿಯುವ ನೀರು, ಔಷಧಿ ಎರಡೂ ಊಟದ ಜೊತೆ ಸೇರದೆ ತೋಕು ಕಡೆ ಹೋಗುತ್ತವೆ. ಅವನ್ನು ಬಾಯಿಪಾಠ ಮಾಡುವುದೇ ದಾರಿ.

ಸಿಕ್ಕಿಬಿದ್ದಾಗ ಹ್ರಸ್ವದ 'ತಕು' ಎನ್ನಿ, ಎರಡಕ್ಕೂ ನಡೆಯುತ್ತದೆ. ನಿಮ್ಮ ವಸ್ತು ಹಲವಿದ್ದರೆ 'ಅಕು'. ಆದರೆ 'ನನ್ನ' ಬದಲು ಹೋನೆ ಎಂಬಂಥ ಒಬ್ಬರ ಹೆಸರು ಬಂದರೆ ಈ ಉಪಾಯ ಇಲ್ಲ: 'ತೆ ಕಾಯ್ ಅ ಹೋನೆ' ಹೋನೆಯ ಊಟ, 'ತೆ ಫರೆ ಒ ಹೋನೆ' ಹೋನೆಯ ಮನೆ. ತಾಕು ಗುಂಪಿಗೆ ಅ, ತೋಕು ಗುಂಪಿಗೆ ಒ; ಯಾವುದು ಬೇಕೆಂದು ಅಲ್ಲೇ ತೀರ್ಮಾನಿಸಬೇಕು.

ಹಾಗಾಗಿ ಹೊಸ ನಾಮಪದ ಬರೆದಿಟ್ಟುಕೊಳ್ಳುವಾಗಲೇ ಪಕ್ಕದಲ್ಲಿ ಅ ಅಥವಾ ಒ ಹಾಕಿಕೊಳ್ಳಿ. ಪದಕ್ಕೆ 'ತೆ ಅಕ' ನಿಘಂಟು ಜಾಲದಲ್ಲಿ ಉಚಿತ. ಮಾತಿಗೆ 'ತೆ ವಾನಂಗ ಒ ಅಒತೆಅರೊಅ' ಸಂಸ್ಥೆಯ ಸಂಜೆ ತರಗತಿ ಸೇರಿ. ಶುಲ್ಕವಿಲ್ಲದ ಕೋರ್ಸ್‌ಗಳಿವೆ, ನಿಮ್ಮ ವೀಸಾಕ್ಕೆ ಸಿಗುತ್ತದೆಯೇ ಎಂದು ಮೊದಲು ವಿಚಾರಿಸಿ.